ಸೊಸೆಯ ಪಾಠ, ಮಹಾವೀರಾಚಾರ್ಯರ ಲೆಕ್ಕ

ನಾವು ಮೆಟ್ರಿಕ್ ಮುಗಿಸಿ ಅಂಗಡಿಯ ಗಲ್ಲಾದ ಮುಂದೆ ಕುಳಿತವರು. ಕಲ್ಪೆಟ್ಟದಲ್ಲಿ ಕರಿಮೆಣಸು, ಕಾಫಿ ಬೀಜ, ಒಣಶುಂಠಿ ತೂಗುತ್ತಲೇ ತಲೆ ನರೆಯಿತು. ಗಣಿತವೆಂದರೆ ಕೂಡುವುದು, ಕಳೆಯುವುದು, ಬಡ್ಡಿ ಕಟ್ಟುವುದು, ಅಷ್ಟೇ ಎಂದು ತಿಳಿದಿದ್ದೆವು.

ಹೀಗಿರಲು ನಮ್ಮ ಸೊಸೆ ಡೇಟಾ ಸೈನ್ಸ್ ಕಲಿಯಲು ಹೊರಟಳು. ಅವಳು ಬಿ.ಕಾಂ. ಓದಿದವಳು, ಅಂಗಡಿಯ ಜಿ.ಎಸ್.ಟಿ. ಲೆಕ್ಕವೆಲ್ಲ ಅವಳದೇ. ಅದಕ್ಕೆ ಮೊದಲು ಲೀನಿಯರ್ ಆಲ್ಜೀಬ್ರಾ, ಅಂದರೆ ರೇಖೀಯ ಬೀಜಗಣಿತ ಬೇಕೆಂದು ಒಂದು ಆನ್‌ಲೈನ್ ಪಾಠಕ್ಕೆ ಸೇರಿದಳು. ನಮಗೆ ಹಿಡಿಸಲಿಲ್ಲ. “ಇದರಿಂದ ಒಂದು ಚೀಲ ಮೆಣಸು ಹೆಚ್ಚಿಗೆ ಮಾರಾಟವಾದೀತೇನಮ್ಮ?” ಎಂದುಬಿಟ್ಟೆವು. ಅವಳು ಮಾತನಾಡಲಿಲ್ಲ.

ನಾಲ್ಕನೆಯ ವಾರ ಪಾಠ ನಿಂತಿತು. ಕೇಳಿದರೆ, “ಬಿಟ್ಟುಬಿಡ್ತೀನಿ ಮಾವ, ತಲೆಗೆ ಹತ್ತುತ್ತಿಲ್ಲ. ನೀವು ಹೇಳಿದ್ದೇ ಸರಿ” ಎಂದಳು. ನಮ್ಮ ಮಾತು ಗೆದ್ದಿತೆಂದು ಸಂತೋಷವಾಗಬೇಕಿತ್ತು, ಆಗಲಿಲ್ಲ. ಕಾಲೇಜಿಗೆ ಹೋಗುತ್ತೇನೆಂದಾಗ ನಮ್ಮ ತಂದೆಯವರೂ ಇದೇ ಮಾತು ಹೇಳಿದ್ದರು.

ನಮ್ಮ ಮನೆಯ ಕಪಾಟಿನಲ್ಲಿ ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ವಿದೆ. ಕ್ರಿ.ಶ. 850ರ ಸುಮಾರಿಗೆ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ನಮ್ಮ ಜೈನಾಚಾರ್ಯರು ಸಂಸ್ಕೃತದಲ್ಲಿ ಬರೆದ ಗ್ರಂಥವದು. 1912ರಲ್ಲಿ ಎಂ. ರಂಗಾಚಾರ್ಯರು ಮದ್ರಾಸಿನಲ್ಲಿ ಇಂಗ್ಲಿಷಿಗೆ ತಂದರು. ಪದ್ಮಾವತಮ್ಮನವರ ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದ ಪ್ರಕಟವಾಯಿತು. ಪೂಜೆಯ ಪುಸ್ತಕಗಳ ನಡುವೆ ಧೂಳು ತಿನ್ನುತ್ತಿದ್ದುದನ್ನು ಅಂದು ತೆಗೆದೆವು.

ಅದರಲ್ಲಿ ಒಂದು ಲೆಕ್ಕ ಹೀಗಿದೆ: 9 ಮಾದಲ ಹಣ್ಣು, 7 ಬೇಲದ ಹಣ್ಣಿಗೆ ಒಟ್ಟು ಬೆಲೆ 107. 7 ಮಾದಲ, 9 ಬೇಲಕ್ಕೆ 101. ಒಂದೊಂದರ ಬೆಲೆ ಎಷ್ಟು? ವ್ಯಾಪಾರಿಗೆ ಇದೇನು ಕಷ್ಟ? ಎರಡು ಬಿಲ್ಲನ್ನೂ ಕೂಡಿದರೆ 16 ಮಾದಲ, 16 ಬೇಲಕ್ಕೆ 208. ಅಂದರೆ ಒಂದು ಜೋಡಿಗೆ 13. ಒಂದರಿಂದ ಇನ್ನೊಂದನ್ನು ಕಳೆದರೆ 2 ಮಾದಲದ ಬೆಲೆ 2 ಬೇಲಕ್ಕಿಂತ 6 ಹೆಚ್ಚು. ಒಂದಕ್ಕೆ 3 ಹೆಚ್ಚು. ಮಾದಲ 8, ಬೇಲ 5.

ಸೊಸೆ ಕಾಗದದ ಮೇಲೆ 9, 7 ಒಂದು ಸಾಲು, 7, 9 ಇನ್ನೊಂದು ಸಾಲು ಬರೆದು, “ಮಾವ, ಇದೇ ಮ್ಯಾಟ್ರಿಕ್ಸ್!” ಎಂದಳು. ಸಾಲಿಗೆ ಸಾಲು ಕೂಡಿ ಕಳೆಯುವ ಈ ಕ್ರಮ ಇಂದು ಜರ್ಮನಿಯ ಗಾಸ್ (1777–1855) ಹೆಸರಿನಲ್ಲಿ ಪ್ರಸಿದ್ಧ. ಚೀನಾದವರಿಗೂ ಇದು ಬಹು ಹಿಂದೆಯೇ ಗೊತ್ತಿತ್ತು.

ಅವಳಿಗೆ ತೊಡಕಾದದ್ದು ಮುಂದಿನ ಪಾಠ: ರೇಖೀಯ ಅವಲಂಬನೆ. ನಾವು ಕೇಳಿದೆವು, “ಎರಡನೆಯ ಬಿಲ್ಲಿನಲ್ಲಿ 18 ಮಾದಲ, 14 ಬೇಲ, ಬೆಲೆ 214 ಎಂದಿದ್ದರೆ?” ಅವಳು ನಕ್ಕಳು. ಅದು ಮೊದಲ ಬಿಲ್ಲಿನ ಇಮ್ಮಡಿ, ಹೊಸದೇನನ್ನೂ ಹೇಳುವುದಿಲ್ಲ. ಬಿಲ್ಲು ಎರಡಾದರೂ ಸುದ್ದಿ ಒಂದೇ.

ಆಗ ನಮಗೆ 1999 ನೆನಪಾಯಿತು. ಕರಿಮೆಣಸಿನ ಬೆಲೆ ಬಹಳ ಏರಿತ್ತು. “ಇನ್ನೂ ಏರುತ್ತದೆ, ಮಾರಬೇಡಿ” ಎಂದು ಮೂವರು ಹೇಳಿದರು. ಮೂವರೂ ಹೇಳಿದ ಮೇಲೆ ಸುಳ್ಳಾದೀತೇ ಎಂದು ದಾಸ್ತಾನು ಹಿಡಿದೆವು. ಮುಂದೆ ಬೆಲೆ ಕುಸಿಯಿತು. ಆಮೇಲೆ ತಿಳಿಯಿತು, ಮೂವರೂ ಕೇಳಿದ್ದು ಕೊಚ್ಚಿಯ ಒಂದೇ ಫೋನಿನ ಮಾತು! ಸಾಲು ಮೂರು, ಸಾಕ್ಷಿ ಒಂದು. ಆ ಸಾಲ ತೀರಿಸಲು ನಾಲ್ಕು ವರ್ಷ ಹಿಡಿಯಿತು. ಡೇಟಾ ಸೈನ್ಸ್‌ನಲ್ಲೂ ಸಾವಿರ ಅಂಕಣಗಳಲ್ಲಿ ನಿಜವಾಗಿ ಹೊಸ ಸುದ್ದಿ ಕೊಡುವವು ಎಷ್ಟು ಎಂದು ಕಂಡುಹಿಡಿಯಲು ಈ ಗಣಿತವೇ ಬೇಕಂತೆ. “ಒಂದು ಚೀಲ ಮೆಣಸು” ಎಂದು ಹಂಗಿಸಿದವರಿಗೆ ಇದಕ್ಕಿಂತ ಉತ್ತರ ಬೇಕೇ?

ನಮ್ಮ ಕುಟುಂಬಗಳ ಮಕ್ಕಳು, ಸೊಸೆಯಂದಿರು ಊರು ಬಿಡದೆ ಇದನ್ನು ಕಲಿಯಬಹುದು. ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ಆರಂಭಿಸಿದ ಎನ್.ಪಿ.ಟಿ.ಇ.ಎಲ್. ಪಾಠಗಳು ಉಚಿತ, ಪ್ರಮಾಣಪತ್ರ ಬೇಕಾದವರು ಮಾತ್ರ ಶುಲ್ಕ ಕಟ್ಟಿ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ಮದ್ರಾಸ್ ಐ.ಐ.ಟಿ. 2020ರಲ್ಲಿ ಡೇಟಾ ಸೈನ್ಸ್ ಪದವಿಯನ್ನೇ ಆನ್‌ಲೈನಿನಲ್ಲಿ ತೆರೆಯಿತು. ಅಮೆರಿಕದ ಎಂ.ಐ.ಟಿ.ಯ ಗಿಲ್ಬರ್ಟ್ ಸ್ಟ್ರಾಂಗ್ ಅವರ ಪಾಠಗಳೂ ಉಚಿತವಾಗಿ ಸಿಗುತ್ತವೆ. ಒಂದೇ ಎಚ್ಚರಿಕೆ: ನೋಡಿದರೆ ಸಾಲದು, ಕಾಗದ ಹಿಡಿದು ಲೆಕ್ಕ ಬಿಡಿಸಲೇಬೇಕು.

ಸೂರ್ಯಾಸ್ತದೊಳಗೆ ಊಟ ಮುಗಿಯುವ ಮನೆ ನಮ್ಮದು, ಸಂಜೆ ದೀರ್ಘ. ಈಗ ಏಳರಿಂದ ಒಂಬತ್ತರವರೆಗೆ ಸೊಸೆಯನ್ನು ಅಂಗಡಿ ಲೆಕ್ಕಕ್ಕೆ ಯಾರೂ ಕರೆಯಬಾರದೆಂದು ನಿಯಮ ಮಾಡಿದ್ದೇವೆ. ಆ ಹೊತ್ತು ಮೊಮ್ಮಗನನ್ನು ಆಡಿಸುವುದು ನಮ್ಮ ಪಾಲು. ಅವಳು ಪರೀಕ್ಷೆಗೆ ಹಣ ಕಟ್ಟಿದ್ದಾಳೆ. ಅಂಕ ಎಷ್ಟಾದರೂ ಬರಲಿ. ನಿಮ್ಮ ಮನೆಯಲ್ಲೂ ಯಾರಾದರೂ ಕಲಿಯುತ್ತೇನೆಂದರೆ, ಲಾಭವೇನೆಂದು ಕೇಳುವ ಮೊದಲು ಆ ಎರಡು ಗಂಟೆ ಬಿಟ್ಟುಕೊಡಿ ಎಂಬುದೇ ನಮ್ಮ ಬಿನ್ನಹ.