ಇಂಗ್ಲಿಷ್ ಹಾಡು ಎಲ್ಲಿಂದ ಶುರು ಮಾಡೋದು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಪಸ್ವಲ್ಪ ತಿದ್ದಲಾಗಿದೆ.)

ಇಯರ್‌ಫೋನ್ ಹಾಕಿದ್ರಾ? ಹಾಗಾದ್ರೆ ಶುರು ಮಾಡುವ.

ಇವತ್ತಿನ ಸಂಚಿಕೆ ಹುಟ್ಟಿದ್ದು ನಮ್ಮ ಮನೆಯ ಚಾವಡಿಯಲ್ಲಿ. ನನ್ನ ಅಕ್ಕನ ಮಗ ಎಂಟನೇ ಕ್ಲಾಸಿಗೆ ಮಂಗಳೂರಿಗೆ ಬಂದಿದ್ದಾನೆ. ಏಳನೆಯವರೆಗೆ ಊರಿನ ಕನ್ನಡ ಶಾಲೆ, ಈಗ ಸಿಟಿಯ ಇಂಗ್ಲಿಷ್ ಮೀಡಿಯಂ. ಪಾಠ ಹೇಗೋ ನಡೀತಾ ಉಂಟು. ಅವನಿಗೆ ಕಷ್ಟ ಆಗೋದು ಊಟದ ಬಿಡುವಿನಲ್ಲಿ. ಪಕ್ಕದ ಬೆಂಚಿನವರು ಇಂಗ್ಲಿಷ್ ಹಾಡುಗಳ ಬಗ್ಗೆ ಮಾತಾಡ್ತಾರೆ, ಇವನು ‘ಗೊತ್ತುಂಟು, ಗೊತ್ತುಂಟು’ ಅಂತ ತಲೆ ಆಡಿಸ್ತಾನೆ. ಗೊತ್ತಿರೋದು ಒಂದೂ ಇಲ್ಲ. ಮೊನ್ನೆ ರಾತ್ರಿ ಮೆಲ್ಲ ಬಂದು ಕೇಳಿದ: “ಮಾಮ, ಇಂಗ್ಲಿಷ್ ಹಾಡು ಎಲ್ಲಿಂದ ಶುರು ಮಾಡೋದು? ನನಗೆ ಅದರ ಒಂದು ಶಬ್ದವೂ ಅರ್ಥ ಆಗೋದಿಲ್ಲ. ನನ್ನ ಇಂಗ್ಲಿಷ್ ಅಷ್ಟು ಹಾಳಾ?”

ಹಾಡು ಗೊತ್ತಿಲ್ಲದೆ ಇರೋದು ದೊಡ್ಡ ವಿಷಯ ಅಲ್ಲ. ಅದಕ್ಕೆ ಹದಿಮೂರು ವರ್ಷದ ಹುಡುಗ ತನ್ನನ್ನು ತಾನೇ ದಡ್ಡ ಅಂದುಕೊಳ್ಳೋದು ದೊಡ್ಡ ವಿಷಯ. ಹಾಗಾಗಿ ಇವತ್ತು ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೇನೆ. ನಿಮ್ಮ ಮನೆಯಲ್ಲೂ ಇಂಥ ತಮ್ಮನೋ ತಂಗಿಯೋ ಇರಬಹುದು. ಅಥವಾ ಅದು ನೀವೇ ಆಗಿರಬಹುದು.

ಶಬ್ದ ಯಾಕೆ ಕೇಳಿಸೋದಿಲ್ಲ?

ಕನ್ನಡದಲ್ಲಿ ಬರೆದ ಹಾಗೆ ಓದ್ತೇವೆ, ಪ್ರತಿ ಅಕ್ಷರಕ್ಕೂ ಅದರ ಪಾಲು ಸಿಗ್ತದೆ. ಇಂಗ್ಲಿಷಿನಲ್ಲಿ ಹಾಗಲ್ಲ. ಒತ್ತು ಬಿದ್ದ ಭಾಗ ಗಟ್ಟಿಯಾಗಿ ಕೇಳ್ತದೆ, ಉಳಿದದ್ದು ನುಂಗಿ ಹೋಗ್ತದೆ. ಒಂದು ಪದದ ಬಾಲ ಇನ್ನೊಂದರ ತಲೆಗೆ ಅಂಟಿಕೊಳ್ತದೆ. ಹಾಡಿನಲ್ಲಂತೂ ಸ್ವರ ಎಳೆದು, ಮೇಲೆ ಗಿಟಾರ್, ಡ್ರಮ್ ಬೇರೆ. ಇಂಗ್ಲಿಷನ್ನೇ ತಾಯಿಭಾಷೆಯಾಗಿ ಮಾತಾಡುವವರೂ ತಪ್ಪು ಕೇಳಿಸಿಕೊಳ್ತಾರೆ. ಹಾಗೆ ತಪ್ಪಾಗಿ ಕೇಳಿಸಿದ ಸಾಲಿಗೆ ಅವರಲ್ಲಿ ‘ಮಾಂಡಗ್ರೀನ್’ ಅಂತ ಒಂದು ಹೆಸರೇ ಉಂಟು. 1954ರಲ್ಲಿ ಸಿಲ್ವಿಯಾ ರೈಟ್ ಎಂಬ ಅಮೆರಿಕದ ಲೇಖಕಿ, ತಾನು ಚಿಕ್ಕವಳಿದ್ದಾಗ ಒಂದು ಪದ್ಯವನ್ನು ತಪ್ಪಾಗಿ ಕೇಳಿಸಿಕೊಂಡದ್ದನ್ನು ಬರೆಯುತ್ತಾ ಕೊಟ್ಟ ಹೆಸರದು.

ಹಾಗಾಗಿ ಅರ್ಥ ಆಗದಿದ್ದರೆ ಅದು ನಿಮ್ಮ ಮಾರ್ಕಿನ ಪ್ರಶ್ನೆ ಅಲ್ಲ. ಮೊದಲು ಕಿವಿ ಪಳಗಲಿ, ಅರ್ಥ ಆಮೇಲೆ ಬರ್ತದೆ.

ನಿಮ್ಮ ಕಿವಿ ಆಗಲೇ ಅರ್ಧ ತಯಾರಾಗಿದೆ

ಮಂಗಳೂರಿನವರಿಗೆ ಈ ಸಂಗೀತ ಪೂರ್ತಿ ಹೊಸತಲ್ಲ ಮಾರಾಯ್ರೆ. 1834ರಲ್ಲಿ ಬಾಸೆಲ್ ಮಿಷನ್‌ನವರು ಇಲ್ಲಿಗೆ ಬಂದರು. ಜರ್ಮನ್ ರಾಗಗಳಿಗೆ ಕನ್ನಡದ ಮಾತು ಕೂಡಿಸಿ ಇಲ್ಲಿನವರು ಹಾಡಿದರು. ಕ್ರಿಸ್ಮಸ್ ಕ್ಯಾರಲ್ ಕೇಳಿದ್ದೀರಿ. ನೆರೆಮನೆಯ ರೋಸ್ ಕಾರ್ಯಕ್ರಮಕ್ಕೆ ಹೋಗಿ ಬ್ಯಾಂಡಿಗೆ ಕುಣಿದಿದ್ದೀರಿ. ವಿಲ್ಫಿ ರೆಬಿಂಬಸ್ ಅವರ ಕೊಂಕಣಿ ಹಾಡುಗಳಲ್ಲಿ ಗಿಟಾರ್ ಕೇಳಿದ್ದೀರಿ. ಇನ್ನು ದಸರೆಯ ಪಿಲಿವೇಷ: ತಾಸೆ ಪೆಟ್ಟು ಬಿದ್ದ ಕೂಡಲೇ ಕಾಲು ತಾನಾಗಿ ಅಲುಗಾಡ್ತದಲ್ವಾ? ಆ ಕಾಲಿಗೆ ರಾಕ್ ಸಂಗೀತ ಅರ್ಥ ಆಗ್ತದೆ.

ಅದಕ್ಕೇ ಹುಡುಗನಿಗೆ ಹಾಕಿದ ಮೊದಲ ಹಾಡು ಕ್ವೀನ್ ತಂಡದ ‘ವಿ ವಿಲ್ ರಾಕ್ ಯೂ’, 1977ರದ್ದು. ಬರೆದವರು ಗಿಟಾರಿಸ್ಟ್ ಬ್ರಯಾನ್ ಮೇ. ಅದರಲ್ಲಿ ಕೇಳುವ ದೊಡ್ಡ ಪೆಟ್ಟು ಡ್ರಮ್ ಸೆಟ್ಟಿನದ್ದಲ್ಲ. ಹಲಗೆ ಮೇಲೆ ಕಾಲು ಬಡಿದು, ಕೈ ತಟ್ಟಿ, ಅದನ್ನೇ ಹಲವು ಸಲ ರೆಕಾರ್ಡ್ ಮಾಡಿ ಒಂದರ ಮೇಲೊಂದು ಪೇರಿಸಿದ್ದು. ಗಿಟಾರ್ ಬರೋದು ಕೊನೆಗೆ ಮಾತ್ರ. ಎರಡು ಸಲ ಕಾಲು, ಒಂದು ಸಲ ಕೈ, ಇಷ್ಟೇ. ಅರ್ಥ ಗೊತ್ತಿಲ್ಲದವನೂ ಹತ್ತು ಸೆಕೆಂಡಿನಲ್ಲಿ ತಂಡದ ಸದಸ್ಯ!

ಹಾಡಿದ ಫ್ರೆಡ್ಡಿ ಮರ್ಕ್ಯುರಿ ಯಾರು ಗೊತ್ತುಂಟಾ? ಜಾಂಜಿಬಾರ್‌ನಲ್ಲಿ ಪಾರ್ಸಿ ಮನೆಯಲ್ಲಿ ಹುಟ್ಟಿದ ಫಾರೂಖ್ ಬುಲ್ಸಾರಾ. ಓದಿದ್ದು ಮಹಾರಾಷ್ಟ್ರದ ಪಂಚಗಣಿಯ ಬೋರ್ಡಿಂಗ್ ಶಾಲೆಯಲ್ಲಿ. ಮೊದಲ ಬ್ಯಾಂಡ್ ಕಟ್ಟಿದ್ದೂ ಅಲ್ಲೇ, ನಿಮ್ಮ ವಯಸ್ಸಿನಲ್ಲಿ.

ಪದರ ಪದರವಾಗಿ ಕೇಳಿ

ಎರಡನೇ ಹಾಡು ಬೆನ್ ಇ. ಕಿಂಗ್ ಅವರ ‘ಸ್ಟ್ಯಾಂಡ್ ಬೈ ಮಿ’, 1961. ಇದನ್ನು ನಾಲ್ಕು ಸಲ ಕೇಳಿ. ಮೊದಲ ಸಲ ಕೆಳಗಿನ ದಪ್ಪ ಸ್ವರ ಮಾತ್ರ, ಅದು ಬಾಸ್. ಹಾಡು ಶುರುವಾಗೋದೇ ಅದರಿಂದ. ಎರಡನೇ ಸಲ ತಾಳ. ಮೂರನೇ ಸಲ ಮಧ್ಯದಲ್ಲಿ ಬಂದು ಸೇರುವ ಪಿಟೀಲುಗಳು. ನಾಲ್ಕನೇ ಸಲ ಹಾಡುವ ದನಿ. ಇಡೀ ಹಾಡು ನಿಂತಿರೋದು ನಾಲ್ಕೇ ಕಾರ್ಡ್‌ಗಳ ಮೇಲೆ, ಅವೇ ತಿರುಗಿ ತಿರುಗಿ ಬರ್ತವೆ. ಪದಗಳೂ ನಿಧಾನ, ಸ್ಪಷ್ಟ.

ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ನಮ್ಮ ಸಿನಿಮಾ ಹಾಡಿನಲ್ಲಿ ಪಲ್ಲವಿ ಮೊದಲು, ಚರಣ ಆಮೇಲೆ. ಇಂಗ್ಲಿಷ್ ಹಾಡಿನಲ್ಲಿ ಹೆಚ್ಚಾಗಿ ಉಲ್ಟಾ. ಮೊದಲು ಕತೆ ಹೇಳುವ ‘ವರ್ಸ್’, ಆಮೇಲೆ ಎಲ್ಲರೂ ಕೂಡಿ ಹಾಡುವ ‘ಕೋರಸ್’. ಕೊನೆಯ ಹತ್ತಿರ ಒಂದೇ ಸಲ ಬೇರೆ ರಾಗ ಬಂದರೆ ಅದು ‘ಬ್ರಿಜ್’. ಇದು ಗೊತ್ತಿಲ್ಲದವರು ಮೊದಲ ಸಾಲು ಹಿಡಿಯಲಿಲ್ಲ ಅಂತ ಹಾಡನ್ನೇ ಬಿಟ್ಟುಬಿಡ್ತಾರೆ. ಕೋರಸ್‌ವರೆಗೆ ಕಾಯಿರಿ. ಅದು ಮೂರು ಸಲ ಬರ್ತದೆ, ಮೂರನೇ ಸಲಕ್ಕೆ ನಿಮಗೂ ಬಂದಿರ್ತದೆ.

ಇನ್ನೊಂದು ಗುಟ್ಟು ಚಪ್ಪಾಳೆಯದ್ದು. ಭಜನೆಯಲ್ಲಿ ನಾವು ಮೊದಲ ಪೆಟ್ಟಿಗೆ ಒತ್ತು ಕೊಡ್ತೇವೆ. ರಾಕ್, ಪಾಪ್‌ನಲ್ಲಿ ಒಂದು-ಎರಡು-ಮೂರು-ನಾಲ್ಕು ಅಂತ ಎಣಿಸಿದರೆ ಸಾಮಾನ್ಯವಾಗಿ ಜೋರಾದ ಪೆಟ್ಟು ಬೀಳೋದು ಎರಡಕ್ಕೆ ಮತ್ತು ನಾಲ್ಕಕ್ಕೆ. ಅಲ್ಲಿ ಕೈ ತಟ್ಟಿ ನೋಡಿ, ಹಾಡು ಒಮ್ಮೆಲೇ ಕುಣಿಯಲಿಕ್ಕೆ ಶುರು ಮಾಡ್ತದೆ.

ನಗ್ತಾರೆ ಅಂತ ಹೆದರಿಕೆಯಾ?

ನನಗೂ ಇತ್ತು. ಹೈಸ್ಕೂಲಿನಲ್ಲಿದ್ದಾಗ ವೇದಿಕೆ ಮೇಲೆ ಒಂದು ಇಂಗ್ಲಿಷ್ ಹಾಡು ಹಾಡಿದೆ. ಅರ್ಧ ಪದ ತಪ್ಪು, ಉಚ್ಚಾರ ನಮ್ಮ ಊರಿನದ್ದೇ. ಮುಂದಿನ ಸಾಲಿನವರು ನಕ್ಕರು. ಆಮೇಲೆ ಹತ್ತು ವರ್ಷ ನಾನು ಯಾರ ಎದುರೂ ಯಾವ ಭಾಷೆಯಲ್ಲೂ ಹಾಡಲಿಲ್ಲ. ಈಗ ಯೋಚಿಸಿದರೆ ಹೊಟ್ಟೆ ಉರೀತದೆ.

ನಮ್ಮ ಡಾ. ರಾಜ್‌ಕುಮಾರ್ ನೋಡಿ. ಚಿಕ್ಕಂದಿನಲ್ಲೇ ಶಾಲೆ ಬಿಟ್ಟು ನಾಟಕ ಕಂಪನಿ ಸೇರಿದವರು. 1978ರ ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರದಲ್ಲಿ ಜಿ.ಕೆ. ವೆಂಕಟೇಶ್ ಅವರ ಸಂಗೀತಕ್ಕೆ ಒಂದು ಇಂಗ್ಲಿಷ್ ಹಾಡನ್ನೇ ಹಾಡಿಬಿಟ್ಟರು. ಎಷ್ಟೋ ವರ್ಷದ ನಂತರ ಇಂಟರ್‌ನೆಟ್‌ನಲ್ಲಿ ಅದು ಮತ್ತೆ ವೈರಲ್ ಆಯಿತು. ಕೆಲವರು ನಕ್ಕಿರಬಹುದು. ಆದರೂ ಕೇಳಿದವರಿಗೆ ಆ ಹಾಡು ಬಾಯಿಗೆ ಬಂತು.

ಈಗ ಉಲ್ಟಾ ಉದಾಹರಣೆ. ಇಂಗ್ಲೆಂಡಿನ ಎಡ್ ಶೀರನ್ 2025ರ ಫೆಬ್ರವರಿಯಲ್ಲಿ ಬೆಂಗಳೂರಿಗೆ ಬಂದಿದ್ದರು. ಚರ್ಚ್ ಸ್ಟ್ರೀಟ್‌ನಲ್ಲಿ ಹಾಡ್ತಿದ್ದಾಗ ಪೊಲೀಸರು ಮೈಕ್ ವಯರ್ ಕಿತ್ತದ್ದು ಎಲ್ಲರಿಗೂ ನೆನಪುಂಟು. ಅದೇ ದಿನ ಸಂಜೆ ಕಾರ್ಯಕ್ರಮದಲ್ಲಿ ಅವರು ಶಿಲ್ಪಾ ರಾವ್ ಜೊತೆ ತೆಲುಗು ಹಾಡು ಹಾಡಿದ್ದು ನೆನಪುಂಟಾ? ತೆಲುಗು ಅವರ ಭಾಷೆ ಅಲ್ಲ. ಆದರೂ ಜನ ಕೂಗಿ ಕುಣಿದರು. ಅವರ ತೆಲುಗಿಗೆ ಚಪ್ಪಾಳೆ, ನಮ್ಮ ಮಕ್ಕಳ ಇಂಗ್ಲಿಷಿಗೆ ನಗು. ಇದು ಯಾವ ಲೆಕ್ಕ?

ಆಮೇಲೆ ಅರ್ಥ, ಅದೂ ಬೇಕು

ಹಾಡು ಇಷ್ಟ ಆದ ಮೇಲೆ ಪದಗಳನ್ನು ಓದಿ. ಈಗ ಆ್ಯಪ್‌ಗಳಲ್ಲೇ ಸಾಹಿತ್ಯ ಹಾಡಿನ ಜೊತೆ ಓಡ್ತದೆ. ಗೊತ್ತಿಲ್ಲದ ಪದ ಐದೇ ಐದು ಆರಿಸಿ ನೋಡಿ, ಸಾಕು. ಓದದೆ ಬಿಟ್ಟರೆ ಮೋಸ ಹೋಗ್ತೀರಿ. 1983ರಲ್ಲಿ ‘ದಿ ಪೊಲೀಸ್’ ತಂಡದ ‘ಎವ್ರಿ ಬ್ರೆತ್ ಯೂ ಟೇಕ್’ ಬಂತು. ರಾಗ ಎಷ್ಟು ಸಿಹಿ ಅಂದ್ರೆ ಎಷ್ಟೋ ಜನ ಪ್ರೇಮಗೀತೆ ಅಂದುಕೊಂಡರು. ಅದು ಒಬ್ಬಳನ್ನು ಬಿಡದೆ ಕಣ್ಣಿಟ್ಟು ಕಾಯುವವನ ಹಾಡು ಮಾರಾಯ್ರೆ, ಬರೆದ ಸ್ಟಿಂಗ್ ಅವರೇ ಅದು ಸಿಹಿ ಹಾಡಲ್ಲ ಅಂದಿದ್ದಾರೆ. ಹದಿಮೂರು ವರ್ಷದವರ ಜೊತೆ ಮಾತಾಡಲಿಕ್ಕೆ ಇದು ಒಳ್ಳೆಯ ಹಾಡು: ಪ್ರೀತಿ ಯಾವುದು, ಕಾಟ ಯಾವುದು?

ಹಾಡಿನ ಹೆಸರಿನ ಪಕ್ಕ ಸಣ್ಣ ‘ಇ’ ಗುರುತು ಇದ್ದರೆ ಬೈಗುಳವೋ ದೊಡ್ಡವರ ವಿಷಯವೋ ಉಂಟು ಅಂತ ಅರ್ಥ. ಚಿಕ್ಕವರಿಗೆ ಕೊಡುವ ಮೊದಲು ನೀವೊಮ್ಮೆ ಕೇಳಿ. ಫೋನು ಕಿತ್ತುಕೊಳ್ಳುವುದಕ್ಕಿಂತ ಜೊತೆಯಲ್ಲಿ ಕೂತು ಕೇಳೋದು ಒಳ್ಳೆಯದು.

ನಮ್ಮ ಹುಡುಗ ಎಂತ ಮಾಡಿದ ಅಂತ ಕೇಳ್ತೀರಾ? ದೊಡ್ಡ ಪವಾಡ ಏನೂ ಆಗಲಿಲ್ಲ. ಮೊನ್ನೆ ಊಟದ ಬಿಡುವಿನಲ್ಲಿ ಯಾರೋ ಹೊಸ ಹಾಡಿನ ಹೆಸರು ಹೇಳಿದರಂತೆ. ಇವನು ತಲೆ ಆಡಿಸಲಿಲ್ಲ. “ಗೊತ್ತಿಲ್ಲ. ಯಾವುದು, ಸ್ವಲ್ಪ ಹೇಳಿಕೊಡು” ಅಂದನಂತೆ. ಬೆಂಚಿನ ಮೇಲೆ ತಾಳ ಹಾಕಿ ಒಬ್ಬ ಹೇಳಿಕೊಟ್ಟ. ಬದಲಿಗೆ ಇವನು ಒಂದು ತುಳು ಹಾಡು ಹೇಳಿಕೊಟ್ಟ. ಅದು ಆ ಬೆಂಚಿನಲ್ಲಿ ಯಾರಿಗೂ ಗೊತ್ತಿರಲಿಲ್ಲ!

ಇವತ್ತು ರಾತ್ರಿ ನಿಮ್ಮ ಮನೆಯ ಚಿಕ್ಕವರಿಗೆ ಒಂದು ಹಾಡು ಹಾಕಿ. ಇಯರ್‌ಫೋನಿನ ಒಂದು ತುದಿ ಅವರಿಗೆ, ಒಂದು ನಿಮಗೆ. ಅವರು ತಪ್ಪು ಹಾಡಿದರೆ ನಗಬೇಡಿ, ಜೊತೆಗೆ ಹಾಡಿ.

ಮುಂದಿನ ವಾರ ಸಿಗುವ.