ಲಂಡನ್–ಪ್ಯಾರಿಸ್ ವಿಮಾನಮಾರ್ಗ: ದೂರದ ಲೆಕ್ಕ, ಕಾಲದ ಲೆಕ್ಕ

ದೂರವನ್ನು ವೇಗದಿಂದ ಭಾಗಿಸಿದರೆ ಕಾಲವು ದೊರೆಯುವುದೆಂಬುದು ಬಾಲ್ಯದಲ್ಲಿಯೇ ಕಲಿತ ಲೆಕ್ಕ. ಲಂಡನ್ನಿನ ಹೀಥ್ರೋ ಮತ್ತು ಪ್ಯಾರಿಸ್ಸಿನ ಷಾರ್ಲ್ ದ ಗೋಲ್ ವಿಮಾನನಿಲ್ದಾಣಗಳ ನಡುವಣ ದೂರ ಸುಮಾರು 348 ಕಿಲೋಮೀಟರು. ಜೆಟ್ ವಿಮಾನದ ವೇಗವನ್ನು ಗಂಟೆಗೆ 800 ಕಿಲೋಮೀಟರೆಂದು ಹಿಡಿದರೆ ಪ್ರಯಾಣವು 26 ನಿಮಿಷಗಳಲ್ಲಿ ಮುಗಿಯತಕ್ಕದ್ದು. ಆದರೆ ವೇಳಾಪಟ್ಟಿಗಳು ತೋರಿಸುವುದು ಸುಮಾರು 1 ಗಂಟೆ 20 ನಿಮಿಷ. ಉಳಿದ ಕಾಲವು ಎಲ್ಲಿ ವ್ಯಯವಾಗುತ್ತದೆಂಬುದು ವಿಚಾರಾರ್ಹವಾಗಿದೆ.

ಮೊದಲನೆಯದಾಗಿ, 348 ಕಿಲೋಮೀಟರು ಎಂಬುದು ಭೂಮಿಯ ದುಂಡುಮೈಯ ಮೇಲೆ ಎಳೆಯಬಹುದಾದ ಅತಿ ಹ್ರಸ್ವ ರೇಖೆಯ ಉದ್ದ. ಗಣಿತಜ್ಞರು ಇದನ್ನು ಮಹಾವೃತ್ತದ ಕಂಸವೆನ್ನುತ್ತಾರೆ. ವಿಮಾನವು ಈ ರೇಖೆಯನ್ನೇ ಹಿಡಿದು ಹೋಗಲಾರದು. ವಿಮಾನವು ಗಾಳಿಗೆ ಎದುರಾಗಿ ಏರಬೇಕು. ಹೀಥ್ರೋವಿನ ಓಡುದಾರಿಗಳು ಪೂರ್ವ–ಪಶ್ಚಿಮವಾಗಿವೆ. ಅಲ್ಲಿ ಹೆಚ್ಚಾಗಿ ಬೀಸುವುದು ಪಡುವಣ ಗಾಳಿ. ಆದುದರಿಂದ ಆಗ್ನೇಯದಲ್ಲಿರುವ ಪ್ಯಾರಿಸ್ಸಿಗೆ ಹೊರಟ ವಿಮಾನವು ಬಹುವೇಳೆ ಅದಕ್ಕೆ ಬೆನ್ನುಮಾಡಿ ಏರಿ, ಬಳಿಕ ತಿರುಗಬೇಕಾಗುತ್ತದೆ. ಏರುವಾಗಲೂ ಇಳಿಯುವಾಗಲೂ ಪೂರ್ಣವೇಗವಿಲ್ಲ. ಇಷ್ಟು ಕಿರಿದಾದ ಮಾರ್ಗದಲ್ಲಿ ಏರಿಳಿತವೇ ಬಹುಭಾಗ.

ಎರಡನೆಯದಾಗಿ, ವೇಳಾಪಟ್ಟಿಯ ಕಾಲವು ಕೇವಲ ಹಾರಾಟದ ಕಾಲವಲ್ಲ. ವಿಮಾನವು ನಿಂತ ಸ್ಥಳವನ್ನು ಬಿಟ್ಟುದರಿಂದ ಮೊದಲ್ಗೊಂಡು ಇನ್ನೊಂದು ನಿಲ್ದಾಣದಲ್ಲಿ ತನ್ನ ಸ್ಥಳವನ್ನು ಸೇರುವವರೆಗೆ ಅದನ್ನು ಎಣಿಸುತ್ತಾರೆ. ಓಡುದಾರಿಯತ್ತ ಸಾಗುವಿಕೆ, ಸರದಿಗಾಗಿ ಕಾಯುವಿಕೆ, ಎಲ್ಲವೂ ಅದರಲ್ಲಿ ಅಡಕ. ಪ್ಯಾರಿಸ್ಸಿನ ಗಡಿಯಾರವು ಲಂಡನ್ನಿನದಕ್ಕಿಂತ ಒಂದು ಗಂಟೆ ಮುಂದಿರುವುದನ್ನೂ ಮರೆಯಬಾರದು. ಹತ್ತಕ್ಕೆ ಲಂಡನ್ ಬಿಟ್ಟ ಪ್ರಯಾಣಿಕನು 12 ಗಂಟೆ 20 ನಿಮಿಷಕ್ಕೆ ಪ್ಯಾರಿಸ್ ತಲಪುವನು. ಅಷ್ಟೇ ಕಾಲದ ಮರುಪಯಣದಲ್ಲಿ ಒಂದಕ್ಕೆ ಹೊರಟರೆ ತಲಪುವಾಗ ಲಂಡನ್ನಿನಲ್ಲಿ ಇನ್ನೂ 1 ಗಂಟೆ 20 ನಿಮಿಷ ಮಾತ್ರ.

1919ರ ಆಗಸ್ಟ್ 25ರಂದು ಈ ಎರಡು ನಗರಗಳ ನಡುವೆ ನಿತ್ಯದ ವಿಮಾನಸಂಚಾರವು ಆರಂಭವಾದಾಗ ಹೌನ್ಸ್ಲೋ ಹೀತ್‌ನಿಂದ ಲ ಬೂರ್ಜೆಗೆ ಹಿಡಿದದ್ದು ಸುಮಾರು ಎರಡೂವರೆ ಗಂಟೆ. ಅಂದಿನಿಂದ ವಿಮಾನದ ವೇಗವು ನಾಲ್ಮಡಿಯಾಯಿತು. ಪ್ರಯಾಣಕಾಲವು ಸುಮಾರು ಅರ್ಧಕ್ಕೆ ಮಾತ್ರ ಇಳಿಯಿತು.

ಈ ಭೇದಗಳು ಕೇವಲ ಪಾಂಡಿತ್ಯದ ವಿಷಯವಲ್ಲ. ಯೂರೋಪಿಯನ್ ಒಕ್ಕೂಟದ 2004ರ ನಿಯಮವು ಪ್ರಯಾಣಿಕರಿಗೆ ಸಲ್ಲಬೇಕಾದ ಪರಿಹಾರವನ್ನು ಮಹಾವೃತ್ತದ ದೂರಕ್ಕೆ ಅನುಸಾರವಾಗಿ ಗೊತ್ತುಪಡಿಸಿತು: 1500 ಕಿಲೋಮೀಟರಿನವರೆಗೆ 250 ಯೂರೋ. ಮೂರು ಗಂಟೆ ತಡವಾದವರಿಗೂ ಅದು ಸಲ್ಲಬಹುದೆಂದು ಒಕ್ಕೂಟದ ನ್ಯಾಯಾಲಯವು 2009ರಲ್ಲಿ ತೀರ್ಮಾನಿಸಿತು. ಆಗ, ವಿಮಾನವು ‘ತಲಪಿತು’ ಎನ್ನುವುದು ಯಾವ ಕ್ಷಣದಲ್ಲಿ ಎಂಬ ಪ್ರಶ್ನೆಯು ಎದ್ದಿತು. ಸಾಲ್ಟ್ಸ್‌ಬುರ್ಗ್‌ನಿಂದ ಕಲೋನ್–ಬಾನ್‌ಗೆ ಬಂದ ವಿಮಾನವೊಂದು ನೆಲ ಮುಟ್ಟಿದಾಗ 2 ಗಂಟೆ 58 ನಿಮಿಷ ತಡವಾಗಿತ್ತು. ತನ್ನ ಸ್ಥಳದಲ್ಲಿ ನಿಂತಾಗ 3 ಗಂಟೆ 3 ನಿಮಿಷ. ಪ್ರಯಾಣಿಕರು ಹೊರಡುವಂತೆ ಒಂದಾದರೂ ಬಾಗಿಲು ತೆರೆದಾಗಲೇ ವಿಮಾನವು ತಲಪಿದಂತೆ ಎಂದು 2014ರಲ್ಲಿ ಅದೇ ನ್ಯಾಯಾಲಯವು ತೀರ್ಪಿತ್ತಿತು. ಬಾಗಿಲು ತೆರೆಯುವವರೆಗೆ ಪ್ರಯಾಣಿಕನ ಕಾಲವು ಅವನ ಸ್ವಾಧೀನದಲ್ಲಿರುವುದಿಲ್ಲವೆಂಬ ಸಾಮಾನ್ಯ ಅನುಭವಕ್ಕೆ ಅಂದು ನ್ಯಾಯದ ಮನ್ನಣೆ ದೊರೆಯಿತು.