ಪಿಯಾನೊ ಕಲಿಯುವಾಗ ಕೈ ನೋವು ಬಂದರೆ ಬೆರಳು ಗಟ್ಟಿಯಾಗುತ್ತಿದೆ ಎಂದರ್ಥವೇ?

"ಮೊದಮೊದಲು ನೋವು ಇದ್ದದ್ದೇ, ಬೆರಳು ಗಟ್ಟಿಯಾದ ಮೇಲೆ ತಾನೇ ಸರಿಹೋಗುತ್ತದೆ." ಪಿಯಾನೊ ಅಥವಾ ಕೀಬೋರ್ಡ್ ತರಗತಿಗೆ ಸೇರಿದವರಿಗೆ ಮನೆಯಲ್ಲಿ ಸಾಮಾನ್ಯವಾಗಿ ಸಿಗುವ ಸಮಾಧಾನವಿದು. ಗಿಟಾರ್ ಕಲಿಯುವವರ ವಿಷಯದಲ್ಲಿ ಈ ಮಾತು ಸ್ವಲ್ಪ ನಿಜ. ತಂತಿಗೆ ಉಜ್ಜಿ ಉಜ್ಜಿ ಬೆರಳ ತುದಿಯ ಚರ್ಮ ದಪ್ಪವಾಗುತ್ತದೆ, ಉರಿ ಕಡಿಮೆಯಾಗುತ್ತದೆ. ಪಿಯಾನೊದಲ್ಲಿ ಹಾಗೆ ಗಟ್ಟಿಯಾಗಬೇಕಾದದ್ದು ಏನೂ ಇಲ್ಲ.

ಪಿಯಾನೊದ ಒಂದು ಕೀ ಒತ್ತಲು ಸುಮಾರು 50 ಗ್ರಾಂ ಭಾರ ಸಾಕು. ಅದು ಕೆಳಗಿಳಿಯುವುದು ಸುಮಾರು 1 ಸೆಂಟಿಮೀಟರ್ ಮಾತ್ರ. ಅಂದರೆ ಬೆರಳಿನಲ್ಲಿ ಬಲ ಸಾಲದೆ ನೋವು ಬರುತ್ತಿಲ್ಲ.

ನಿಜವಾಗಿ ನೋಡಿದರೆ ಬೆರಳುಗಳ ಒಳಗೆ ಸ್ನಾಯುಗಳೇ ಇಲ್ಲ. ಚಿಕ್ಕವು ಅಂಗೈಯಲ್ಲಿವೆ. ದೊಡ್ಡವು ಮೊಣಕೈ ಮತ್ತು ಮಣಿಕಟ್ಟಿನ ನಡುವೆ, ಮುಂಗೈಯಲ್ಲಿವೆ. ಅಲ್ಲಿಂದ ಹೊರಟ ಟೆಂಡನ್‌ಗಳೆಂಬ ಹುರಿಗಳು, ಸೂತ್ರದ ಗೊಂಬೆಯ ದಾರದಂತೆ, ಬೆರಳನ್ನು ಎಳೆಯುತ್ತವೆ. ಇಂಥ ಒಂಬತ್ತು ಹುರಿಗಳು ಮತ್ತು ಒಂದು ನರ ಮಣಿಕಟ್ಟಿನಲ್ಲಿರುವ ಇಕ್ಕಟ್ಟಾದ ಸುರಂಗದ ಮೂಲಕವೇ ಹಾದುಹೋಗಬೇಕು. ಮಣಿಕಟ್ಟು ಮೇಲಕ್ಕೋ ಕೆಳಕ್ಕೋ ಬಾಗಿದರೆ ಒಳಗಿನ ಒತ್ತಡ ಹೆಚ್ಚುತ್ತದೆ. ಹಾಗೆ ಬಾಗಿಸಿಕೊಂಡೇ ಗಂಟೆಗಟ್ಟಲೆ ನುಡಿಸಿದರೆ ನೋವು ಬರದೆ ಇನ್ನೇನಾಗುತ್ತದೆ?

ಒಂದು ಪುಟ್ಟ ಪರೀಕ್ಷೆ ಮಾಡಿ ನೋಡಿ. ಅಂಗೈಯನ್ನು ಮೇಜಿನ ಮೇಲಿಟ್ಟು ನಡುಬೆರಳನ್ನು ಒಳಕ್ಕೆ ಮಡಿಸಿ. ಈಗ ಉಳಿದ ಬೆರಳುಗಳನ್ನು ಒಂದೊಂದಾಗಿ ಎತ್ತಿ. ಉಂಗುರ ಬೆರಳು ಮಾತ್ರ ಏಳಲು ಒಪ್ಪುವುದಿಲ್ಲ. ಇದು ದೌರ್ಬಲ್ಯವಲ್ಲ, ಅದರ ಹುರಿ ಅಕ್ಕಪಕ್ಕದವುಗಳ ಜತೆ ಹೆಣೆದುಕೊಂಡಿದೆ. ವ್ಯಾಯಾಮದಿಂದ ಆ ಕಟ್ಟು ಬಿಚ್ಚುವುದಿಲ್ಲ. ಜರ್ಮನಿಯ ಸಂಗೀತ ಸಂಯೋಜಕ ರಾಬರ್ಟ್ ಶೂಮನ್ ಬೆರಳುಗಳಿಗೆ ಕಸರತ್ತು ಕೊಡುವ ಸಾಧನವೊಂದನ್ನು ಬಳಸುತ್ತಿದ್ದರು. 1830ರ ದಶಕದ ಆರಂಭದಲ್ಲೇ ಅವರ ಬಲಗೈ ಕೈಕೊಟ್ಟು, ಪಿಯಾನೊ ವಾದಕನಾಗುವ ಕನಸು ಮುಗಿಯಿತು. ಸಾಧನವೇ ಕಾರಣವೇ ಎಂಬ ಚರ್ಚೆ ಇಂದಿಗೂ ನಡೆದಿದೆ. ಆದರೂ ಬೆರಳನ್ನು ಬಲವಂತವಾಗಿ ಹಿಗ್ಗಿಸುವ ಸಲಹೆಗಳಿಂದ ದೂರವಿರುವುದೇ ಕ್ಷೇಮ. ಅಂಗೈ ಹಿಂಬದಿಯಲ್ಲಿ ನಾಣ್ಯ ಇಟ್ಟು ಅದು ಬೀಳದಂತೆ ನುಡಿಸುವ ಹಳೆಯ ಪದ್ಧತಿಯೂ ಅಷ್ಟೇ: ನಾಣ್ಯ ನಿಲ್ಲಿಸಲು ಹೋಗಿ ಮಣಿಕಟ್ಟು ಮರಗಟ್ಟುತ್ತದೆ.

ನಮ್ಮ ಮನೆಗಳಲ್ಲಿ ದೊಡ್ಡ ತೊಂದರೆ ಇರುವುದು ಕೂರುವ ಜಾಗದಲ್ಲಿ. ಕೀಬೋರ್ಡ್ ಮಂಚದ ಮೇಲೆ ಅಥವಾ ಊಟದ ಮೇಜಿನ ಮೇಲೆ. ಊಟದ ಮೇಜೇ ಸುಮಾರು 75 ಸೆಂಟಿಮೀಟರ್ ಎತ್ತರ. ಅದರ ಮೇಲೆ ಕೀಬೋರ್ಡ್ ಇಟ್ಟರೆ ಮಗು ಭುಜ ಎತ್ತಿ ನುಡಿಸಬೇಕಾಗುತ್ತದೆ. ಮೊಣಕೈ ಕೀಗಳ ಮಟ್ಟದಲ್ಲಿ ಅಥವಾ ಸ್ವಲ್ಪ ಮೇಲಿರಬೇಕು. ಭುಜ ಸಡಿಲವಾಗಿ, ಮಣಿಕಟ್ಟು ಮುಂಗೈಗೆ ನೇರವಾಗಿ ಇರಬೇಕು. ಕುರ್ಚಿಗೆ ದಿಂಬು, ನೆಲಕ್ಕೆ ಎಟುಕದ ಕಾಲಿನ ಕೆಳಗೆ ಒಂದು ಮಣೆ ಇಟ್ಟರೆ ಅರ್ಧ ಕೆಲಸ ಮುಗಿದಂತೆ.

ಇನ್ನೊಂದು ಕಾರಣ ಪರೀಕ್ಷೆ. ದಿನಕ್ಕೆ 20 ನಿಮಿಷ ನುಡಿಸುತ್ತಿದ್ದವರು ಗ್ರೇಡ್ ಪರೀಕ್ಷೆ ಹತ್ತಿರ ಬಂತೆಂದು ಏಕಾಏಕಿ ಎರಡು ಗಂಟೆ ಕೂರುತ್ತಾರೆ. ಹೆಚ್ಚಿಸುವುದಿದ್ದರೆ ವಾರವಾರವೂ ಸ್ವಲ್ಪಸ್ವಲ್ಪವೇ ಹೆಚ್ಚಿಸಿ. ಕಷ್ಟದ ಸಾಲನ್ನು ನಿಧಾನವಾಗಿ ನುಡಿಸಿ, ನಡುವೆ ಕೈ ಇಳಿಬಿಟ್ಟು ವಿರಾಮ ಕೊಡಿ. ಆ ವಿರಾಮದಲ್ಲಿ ಮೊಬೈಲ್ ಹಿಡಿದು ಹೆಬ್ಬೆರಳಿನಿಂದ ರೀಲ್ಸ್ ಸರಿಸುತ್ತಿದ್ದರೆ ಅದು ವಿರಾಮವಲ್ಲ. ಕೆಲಸ ಮಾಡುವುದು ಅವೇ ಹುರಿಗಳು.

ಅಭ್ಯಾಸದ ಬಳಿಕ ಸ್ವಲ್ಪ ದಣಿವಾಗಿ, ವಿಶ್ರಾಂತಿಯಿಂದ ಹೋದರೆ ಚಿಂತೆಯಿಲ್ಲ. ನುಡಿಸುವಾಗಲೇ ಚುಚ್ಚಿದಂಥ ನೋವು ಬಂದರೆ ಅಲ್ಲಿಗೇ ನಿಲ್ಲಿಸಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದರೆ, ರಾತ್ರಿ ಅದರಿಂದ ಎಚ್ಚರವಾದರೆ, ಊತವಿದ್ದರೆ ಅಥವಾ ಹಿಡಿದ ಲೋಟ ಜಾರುತ್ತಿದ್ದರೆ ಮೂಳೆ ತಜ್ಞರನ್ನು ಕಾಣಿ. ಮುಲಾಮು ಹಚ್ಚಿ, ಮಣಿಕಟ್ಟಿಗೆ ಬ್ಯಾಂಡ್ ಬಿಗಿದುಕೊಂಡು ಅಭ್ಯಾಸ ಮುಂದುವರಿಸಬೇಡಿ. ಮಗು ನೋವು ಎಂದಾಗ ಅದನ್ನು ನೆಪ ಎನ್ನುವ ಮೊದಲು ಒಮ್ಮೆ ಕುರ್ಚಿಯ ಎತ್ತರ ನೋಡಿ.